ಮಾಮನಿಗೆ ಕೋಟು ತೊಡಿಸಿದವರಿಗೆ

ನಿನ್ನೆ ಗಂಗಾವತಿಯಲ್ಲಿ ನಮ್ಮ ಮಾಮನ ವರ್ಷದ ಪುಣ್ಯತಿಥಿ ಇತ್ತು. ಕೊಪ್ಪಳದಿಂದ ಬೆಳಿಗ್ಗೆ ಬಸ್ಸಿಗೆ ಹೋಗಿ ಇಳಿದೆ. ಓಣಿ ತಿರುವಿನಲ್ಲಿ ಕರೆಂಟ್ ಕಂಬಕ್ಕೆ ದೊಡ್ಡದೊಂದು ಫ್ಲೆಕ್ಸ್ ಕಟ್ಟಿದ್ದರು. ಯಾರೋ ರಾಜಕೀಯದವರು ತೀರಿಕೊಂಡಿರಬೇಕು ಅಂದುಕೊಂಡು ಮುಂದೆ ಹೋದೆ. ಹತ್ತು ಹೆಜ್ಜೆ ಹೋದ ಮೇಲೆ, ಆ ಹೆಸರು ಎಲ್ಲೋ ಓದಿದ ಹಾಗಿದೆಯಲ್ಲ ಅನಿಸಿ ವಾಪಸ್ ಬಂದೆ.

ನಮ್ಮ ಮಾಮ. ಕಪ್ಪು ಕೋಟು. ಕೆಂಪು ಟೈ.

ನನ್ನ ಹಳೆಯ ಪೋಸ್ಟ್ ಓದಿದವರಿಗೆ ಮಾಮ ಗೊತ್ತು. ಗೊತ್ತಿಲ್ಲದವರಿಗೆ ಇಷ್ಟು ಸಾಕು. ಕನಕಗಿರಿ ರಸ್ತೆಯಲ್ಲಿ ರೈಸ್ ಮಿಲ್ ಕಾಂಪೌಂಡಿಗೆ ಒರಗಿದ ಒಂದು ತಗಡಿನ ಶೆಡ್. ಅದರಲ್ಲಿ ನಲವತ್ತು ವರ್ಷ ಟೂ ವೀಲರ್ ರಿಪೇರಿ ಮಾಡಿದ ಮನುಷ್ಯ. ಮೈಮೇಲೆ ಖಾಕಿ ಚಡ್ಡಿ, ಬನಿಯನ್ನು. ಬನಿಯನ್ನಿನ ಬಣ್ಣ ಬಿಳಿ ಅಂತ ಅಂಗಡಿಯಿಂದ ತಂದ ದಿನ ಮಾತ್ರ ಗೊತ್ತಾಗುತ್ತಿತ್ತು. ಅವನ ಹತ್ತಿರ ಕೋಟಿನ ಹೆಸರಲ್ಲಿ ಇದ್ದದ್ದು ಒಂದೇ, ಮಳೆಗಾಲದ ರೇನ್‌ಕೋಟು. ಅದನ್ನೂ ಗಿರಾಕಿಗಳ ಗಾಡಿ ಸೀಟಿಗೆ ಹೊದಿಸುತ್ತಿದ್ದ.

ಫ್ಲೆಕ್ಸ್ ಮಾಡಿದವರು ಕೋಟಿಗೇ ನಿಲ್ಲಿಸಿಲ್ಲ. ಮುಖಕ್ಕೆ ಸುಣ್ಣ ಬಳಿದ ಹಾಗೆ ಬೆಳ್ಳಗೆ ಮಾಡಿದ್ದಾರೆ. ಹಿಂದೆ ಮೋಡ, ಎರಡು ಪಾರಿವಾಳ. ಬಾಯಿ ಮುಚ್ಚಿದೆ. ನಮ್ಮ ಮಾಮನ ಬಾಯಿ ಮುಚ್ಚಿದೆ! ಎಲೆ ಅಡಿಕೆಯಿಂದ ಕೆಂಪಾದ ಹಲ್ಲು, ಮೇಲೆ ಎರಡು ಹಲ್ಲಿನ ನಡುವೆ ಒಂದು ಸಂದಿ. ಆ ಸಂದಿಯಿಂದ ಸೀಟಿ ಹೊಡೆದು ಶೆಡ್ಡಿನ ಹುಡುಗನಿಗೆ 'ಹತ್ತನೇ ಪಾನಾ (ಸ್ಪ್ಯಾನರ್) ತಾ' ಅಂತ ಹೇಳುತ್ತಿದ್ದ. ಒಂದು ಸೀಟಿ ಅಂದರೆ ಪಾನಾ, ಎರಡು ಅಂದರೆ ಚಹಾ, ಮೂರು ಅಂದರೆ 'ಸಾಲ ಕೇಳಾವ ಬಂದಾನ, ನಾ ಇಲ್ಲ ಅಂತ ಹೇಳು'. ಆ ಹಲ್ಲೇ ಕಾಣಿಸದ ಫೋಟೊ ಹಾಕಿದ್ದಾರೆ.

ಇರಲಿ ಅಂತ ಹಲ್ಲು ಕಚ್ಚಿಕೊಂಡು ಒಳಗೆ ಹೋದೆ. ಅಲ್ಲಿ ಭಾಷಣ. ಮೈಕು ಬೇರೆ. ಮನೆ ಮುಂದಿನ ಶಾಮಿಯಾನದಲ್ಲಿ ಅರವತ್ತು ಜನ, ಅವರಿಗೆ ಎರಡು ಸ್ಪೀಕರ್ ಬಾಕ್ಸು. ಒಬ್ಬ ಮುಖಂಡರು ಎದ್ದು, ನಮ್ಮ ಮಾಮ ಶಿಸ್ತಿನ ಸಿಪಾಯಿ ಅಂದರು. ಸರಳ ಜೀವಿ ಅಂದರು. ಇನ್ನೊಬ್ಬರು ಎದ್ದು ಮಿತಭಾಷಿ ಅಂದರು.

ಮಿತಭಾಷಿ.

ನನಗೆ ನಗು ತಡೆಯಲಾಗಲಿಲ್ಲ. ಗೊಳ್ಳೆಂದು ನಕ್ಕುಬಿಟ್ಟೆ. ಮುಂದಿನ ಸಾಲಿನವರು ತಿರುಗಿ ನೋಡಿದರು. ಸೆರಗು ಬಾಯಿಗೆ ಇಟ್ಟುಕೊಂಡು ಅಳುವವಳ ಹಾಗೆ ನಾಟಕ ಮಾಡಿದೆ. ಪಕ್ಕದ ಅಜ್ಜಿ ಬೆನ್ನು ಸವರಿ ಸಮಾಧಾನ ಮಾಡಿದಳು. ಮಾಮ ಇದ್ದಿದ್ದರೆ ಇದನ್ನೇ ಆರು ತಿಂಗಳು ಹೇಳಿಕೊಂಡು ತಿರುಗುತ್ತಿದ್ದ.

ಕೊನೆಗೆ ಬಂದವರು 'ಕಾಯಕವೇ ಕೈಲಾಸ ಅಂತ ಬಸವಣ್ಣನವರು ಹೇಳಿದ ಹಾಗೆ' ಅಂತ ಶುರು ಮಾಡಿದರು. ಟೀಚರ್ ಬುದ್ಧಿ, ಸುಮ್ನೆ ಇರೋಕೆ ಆಗಲ್ಲ. ಸ್ವಾಮಿ, ಆ ಮಾತು ಇರೋದು ಆಯ್ದಕ್ಕಿ ಮಾರಯ್ಯನ ವಚನದಲ್ಲಿ. ಅವನು ನಮ್ಮ ಪಕ್ಕದ ರಾಯಚೂರು ಜಿಲ್ಲೆಯವನು, ಲಿಂಗಸುಗೂರು ತಾಲ್ಲೂಕಿನ ಅಮರೇಶ್ವರದ ಕಡೆಯವನು. ನೆಲಕ್ಕೆ ಬಿದ್ದ ಅಕ್ಕಿ ಆಯ್ದು ದಾಸೋಹ ಮಾಡುತ್ತಿದ್ದ ಮನುಷ್ಯ. ಒಂದು ದಿನ ಬೇಕಾದ್ದಕ್ಕಿಂತ ಜಾಸ್ತಿ ಅಕ್ಕಿ ತಂದನಂತೆ. ಹೆಂಡತಿ ಲಕ್ಕಮ್ಮ, ಇಷ್ಟೊಂದು ಯಾಕೆ, ಹೋಗಿ ಅಲ್ಲೇ ಸುರಿದು ಬಾ ಅಂದಳಂತೆ. ನಮ್ಮ ಅತ್ತಿ ಲಕ್ಕಮ್ಮನ ಉಲ್ಟಾ. 'ಇಷ್ಟ ಯಾಕ ತಂದೀರಿ, ಹೋಗಿ ಉಳಿದದ್ದು ವಸೂಲಿ ಮಾಡ್ಕೊಂಡ್ ಬರ್ರಿ' ಅಂತ ಚೀಲ ವಾಪಸ್ ಕೊಡುತ್ತಿದ್ದಳು. ಮಾಮ ಚೀಲ ಹಿಡಿದು ಹೋಗಿ, ಒಂದು ತಾಸು ಬಿಟ್ಟು ಬಿಸಿಬಿಸಿ ಮಿರ್ಚಿ ಬಜಿ ಕಟ್ಟಿಸಿಕೊಂಡು ಬರುತ್ತಿದ್ದ. ವಸೂಲಿ ಆದದ್ದು ಬಜಿಗೆ ಹೋಯಿತೋ, ಬಜಿಯೂ ಉದ್ರಿಯೋ ಆ ದೇವರಿಗೇ ಗೊತ್ತು.

ನನ್ನ ಸಿಟ್ಟು ಏನಂದರೆ, ಅರ್ಧ ತಾಸಿನ ಭಾಷಣದಲ್ಲಿ ಒಬ್ಬರಾದರೂ 'ಈ ಮನುಷ್ಯ ನಮ್ಮನ್ನ ನಗಿಸುತ್ತಿದ್ದ' ಅಂತ ಹೇಳಲಿಲ್ಲ. ಇದು ಗಂಗಾವತಿ ಕಣ್ರಿ. ಹಾಸ್ಯ ಭಾಷಣದ ಪ್ರಾಣೇಶ್ ಅವರ ಊರು. ಎಲ್ಲೆಲ್ಲೋ ಇರುವ ಕನ್ನಡದವರು ಗಂಗಾವತಿ ಅನ್ನೋ ಹೆಸರು ಕೇಳಿದರೆ ನಗೋಕೆ ತಯಾರಾಗಿ ಕೂರುತ್ತಾರೆ. ಅಂಥ ಊರಲ್ಲಿ ಸತ್ತವನು ತಮಾಷೆ ಮನುಷ್ಯ ಆಗಿದ್ದ ಅಂತ ಮೈಕಲ್ಲಿ ಹೇಳೋಕೆ ನಾಚಿಕೆನಾ? ಅದಕ್ಕೂ ಒಂದು ಕೋಟು ಹಾಕಿ ಮುಚ್ಚಬೇಕಾ?

ಶೆಡ್ಡಿನ ಮುಂದೆ ಒಂದು ಬೆಂಚು ಇತ್ತು. ಲಾರಿಯ ಹಳೆ ಹಲಗೆ, ಕೆಳಗೆ ನಾಲ್ಕು ಇಟ್ಟಿಗೆ. ಗಾಡಿ ಕೆಟ್ಟವರು ಮಾತ್ರ ಅಲ್ಲಿ ಕೂರುತ್ತಿದ್ದರು ಅಂದುಕೊಳ್ಳಬೇಡಿ. ಗಾಡಿಯೇ ಇಲ್ಲದವರು ಕೂರುತ್ತಿದ್ದರು. ಮಾಮ ಕಾರ್ಬೊರೇಟರ್ ಬಿಚ್ಚಿ, ಪೆಟ್ರೋಲ್ ಹೋಗುವ ಸಣ್ಣ ತೂತಿನ ಜೆಟ್ಟಿಗೆ ಬಾಯಿ ಇಟ್ಟು ಉಫ್ ಅಂತ ಊದುತ್ತ, ನಡುನಡುವೆ ಮಾತಾಡುತ್ತಿದ್ದ. ಪೆಟ್ರೋಲ್ ವಾಸನೆಯ ಮಾತು. ಯಾರಾದರೂ ಜಂಬದ ಹುಡುಗ ಬಂದು 'ನನಗೆ ಎಲ್ಲಾ ಗಾಡಿ ಬರ್ತೈತಿ' ಅಂದರೆ ಮೂಲೆಯಲ್ಲಿದ್ದ ಹಳೆ ಯೆಜ್ಡಿ ಕೊಡುತ್ತಿದ್ದ. 'ಹಂಗಾರ ಇದನ್ನ ಸ್ಟಾರ್ಟ್ ಮಾಡು, ಚಹಾ ನಂದು.' ಹುಡುಗ ಎಡಕ್ಕೆ ನೋಡುತ್ತಾನೆ, ಬಲಕ್ಕೆ ನೋಡುತ್ತಾನೆ, ಬಗ್ಗಿ ನೋಡುತ್ತಾನೆ. ಕಿಕ್ಕರ್ ಎಲ್ಲಿ? ಮೈಸೂರಿನಲ್ಲಿ ತಯಾರಾಗುತ್ತಿದ್ದ ಆ ಗಾಡಿಯಲ್ಲಿ ಗೇರಿನ ಲಿವರ್ರೇ ಕಿಕ್ಕರ್. ಒತ್ತಿ ಮೇಲೆ ತಿರುಗಿಸಿದರೆ ಕಿಕ್ಕರ್, ಕೆಳಗೆ ಬಿಟ್ಟರೆ ಗೇರು. ಇದು ಗೊತ್ತಾಗುವ ಹೊತ್ತಿಗೆ ಬೆಂಚಿನವರು ಹೊಟ್ಟೆ ಹಿಡಿದುಕೊಂಡಿರುತ್ತಿದ್ದರು. ಮಾಮ ಮಾತ್ರ ಗಂಭೀರವಾಗಿ 'ನಗಬ್ಯಾಡ್ರಲೇ, ತಮ್ಮ ಹುಡುಕಾಕತ್ತಾನ' ಅನ್ನುತ್ತಿದ್ದ. ಚಹಾ ಅವನೇ ಕುಡಿಸುತ್ತಿದ್ದ.

ಇನ್ನೊಂದು ನಾನೇ ಕಂಡದ್ದು. ಆಗ ಹಂಪಿಯ ಎದುರು ದಂಡೆಯ ವಿರೂಪಾಪುರ ಗಡ್ಡೆಯಲ್ಲಿ ಫಾರಿನ್ನಿನವರು ಬಾಡಿಗೆಗೆ ಮೊಪೆಡ್ ತಗೊಂಡು ಸಣಾಪುರ, ಆನೆಗೊಂದಿ ಅಂತ ಸುತ್ತುತ್ತಿದ್ದರು. ಒಬ್ಬ ಹುಡುಗ ಗಾಡಿ ನಿಂತುಹೋಗಿ ಬಿಸಿಲಲ್ಲಿ ತಳ್ಳಿಕೊಂಡು ಬರುತ್ತಿದ್ದ. ಟೊಮ್ಯಾಟೊ ಆಗಿದ್ದ ಪಾಪ. ಮಾಮ, ನಾನು ಹನುಮಪ್ಪನ ಅಂಜನಾದ್ರಿ ಬೆಟ್ಟದ ಕಡೆಯಿಂದ ಬರುತ್ತಿದ್ದೆವು. ಮಾಮ ಇಳಿದು ಟ್ಯಾಂಕಿನ ಮೇಲೊಮ್ಮೆ ಬಡಿದ. ಉದ್ದದ ಸ್ಕ್ರೂಡ್ರೈವರ್ ಇಂಜಿನ್ನಿಗೆ ಇಟ್ಟು, ಹಿಡಿಕೆ ಕಿವಿಗೆ ಇಟ್ಟುಕೊಂಡ. ನಿಂತ ಇಂಜಿನ್ನಿನಲ್ಲಿ ಏನು ಕೇಳುತ್ತೆ, ಮಣ್ಣು! ತಲೆ ಅಲ್ಲಾಡಿಸಿ 'ಸೀರಿಯಸ್' ಅಂದ. ಹುಡುಗನ ಮುಖ ಬಾಡಿತು. ಕೈ ಮುಗಿ ಅಂತ ಸನ್ನೆ ಮಾಡಿದ, ಅವನು ಮುಗಿದ. ಕಣ್ಣು ಮುಚ್ಚು ಅಂದ, ಮುಚ್ಚಿದ. 'ಜೈ ಹನುಮಾನ್ ಅನ್ನು.' ಅಂದ. ಅಷ್ಟರಲ್ಲಿ ಮಾಮ ಪೆಟ್ರೋಲ್ ಕಾಕನ್ನು ರಿಸರ್ವಿಗೆ ತಿರುಗಿಸಿ ಪೆಡಲ್ ತುಳಿದ. ಡುರ್ರ್. ಹುಡುಗ ಮಾಮನನ್ನು ತಬ್ಬಿಕೊಂಡು ಕುಣಿದ. ದುಡ್ಡು ಕೊಡಲು ಬಂದರೆ ಮಾಮ ಬೆಟ್ಟದ ಕಡೆ ಕೈ ತೋರಿಸಿ 'ಬಿಲ್ಲು ಅಲ್ಲಿ ಕೊಡು' ಅಂದ. ಕನ್ನಡದಲ್ಲೇ. ಅವನಿಗೆ ಅರ್ಥವಾದ ಹಾಗೆ ಕಾಣಿಸಿತು.

ಇವನು ಮಿತಭಾಷಿಯಂತೆ.

ಊಟಕ್ಕೆ ಕೂತಾಗ ಸಿಟ್ಟು ತಡೆಯದೆ ಹಿರಿಯ ಅಳಿಯನನ್ನು ಕೇಳಿದೆ. ಫ್ಲೆಕ್ಸ್ ಅವರದೇ ಖರ್ಚು. ಒಳ್ಳೆ ಮನುಷ್ಯ, ಅದರ ಬಗ್ಗೆ ಎರಡು ಮಾತಿಲ್ಲ. 'ಅಕ್ಕಾರ, ನಿಮಗ ತಿಳಿಯಂಗಿಲ್ಲ. ಇದ್ದಾಗ ಮಾವಗ ಜನ ಏ ಮೇಸ್ತ್ರಿ ಅಂತಿದ್ರು. ಏಕವಚನ. ಬ್ಯಾಂಕಿಗೆ ಹೋದ್ರ ಕುರ್ಚಿ ಕೊಡ್ತಿರಲಿಲ್ಲ. ಸತ್ತ ಮ್ಯಾಲಾದ್ರೂ ದೊಡ್ಡ ಮನಿಶ್ಯಾರಂಗ ಕಾಣ್ಲಿ ಅಂತ ಹಾಕಿಸಿದ್ವಿ. ಮೊಮ್ಮಕ್ಕಳು ನಾಳೆ ಫೋಟೊ ತೋರಿಸಿದ್ರ ಮರ್ಯಾದಿ ಇರಬೇಕಲ್ಲ?'

ಒಂದು ಕ್ಷಣ ಬಾಯಿ ಕಟ್ಟಿತು, ಸುಳ್ಳು ಹೇಳಲ್ಲ. ಏಕವಚನದ ಮಾತು ನಿಜ. ಕುರ್ಚಿಯ ಮಾತೂ ನಿಜ. ಆದರೆ ಕುರ್ಚಿ ಕೊಡದವನು ತಪ್ಪು ಮಾಡಿದ, ಕೋಟು ಹಾಕಿಸಿಕೊಳ್ಳುವ ಶಿಕ್ಷೆ ನಮ್ಮ ಮಾಮನಿಗೆ! ಇದು ಯಾವ ಲೆಕ್ಕ? ಬನಿಯನ್ನಿನ ಫೋಟೊಕ್ಕೆ ಮರ್ಯಾದೆ ಕೊಡದವರು ಕೋಟಿಗೆ ಕೊಟ್ಟರೆ ಅದು ದರ್ಜಿಗೆ ಕೊಟ್ಟ ಮರ್ಯಾದೆ. ದರ್ಜಿಗೂ ಅಲ್ಲ, ಕಂಪ್ಯೂಟರಿಗೆ. ಅಳಿಯಂದಿರು 'ಹೋಳಿಗಿ ತಗೋರಿ ಅಕ್ಕಾರ' ಅಂದರು. ತಗೊಂಡೆ. ಚೆನ್ನಾಗಿತ್ತು.

ನಾನು ಹೈಸ್ಕೂಲಿಗೆ ಅಂತ ಮಾಮನ ಮನೆಗೆ ಬಂದವಳು. ಐದು ವರ್ಷ ಅಲ್ಲೇ ಇದ್ದೆ. ಮಾಮನಿಗೆ ಮೂರೂ ಹೆಣ್ಣುಮಕ್ಕಳು. ಯಾರಾದರೂ ಲೊಚಗುಟ್ಟಿದರೆ 'ನಮ್ಮದು ಚೇತಕ್ ಗಾಡಿ ಇದ್ದಂಗ್ರೀ, ನಾಲ್ಕು ಗೇರು. ಮೂರು ಮಕ್ಕಳು, ಟಾಪ್ ಗೇರ್ ಇವರವ್ವ. ನಾನು ನ್ಯೂಟ್ರಲ್' ಅನ್ನುತ್ತಿದ್ದ. ನಾನೇನು ಅಂತ ಕೇಳಿದ್ದೆ. 'ನೀನು ಸ್ಟೆಪ್ನಿ, ಯವ್ವಾ. ನಡು ದಾರ್ಯಾಗ ಕೈ ಹಿಡಿಯಾಕಿ.' ಅವತ್ತು ಸ್ಟೆಪ್ನಿ ಅಂದಿದ್ದಕ್ಕೆ ಮುನಿಸಿಕೊಂಡು ರೊಟ್ಟಿ ಬಿಟ್ಟಿದ್ದೆ.

ಮನೆಯ ಗಾಡಿಯೂ ಚೇತಕ್ಕೇ. ಎಷ್ಟು ಒದ್ದರೂ ಸ್ಟಾರ್ಟ್ ಆಗದಿದ್ದರೆ ಒಂದು ಕಡೆಗೆ ಪೂರ್ತಿ ಬಗ್ಗಿಸಿ ಎತ್ತುತ್ತಿದ್ದ. ಪೆಟ್ರೋಲ್ ಕಾರ್ಬೊರೇಟರಿಗೆ ಇಳಿಯಲಿ ಅಂತ. ಮಾಮನ ಬಾಯಲ್ಲಿ ಅದು 'ಗಾಡಿ ಕಡಿಂದ ನಿಮ್ಮತ್ತಿಗೆ ನಮಸ್ಕಾರ ಮಾಡಸಾಕತ್ತೀನಿ'. ಹುಣ್ಣಿಮೆಗೆ ಹುಲಿಗಿ ಹುಲಿಗೆಮ್ಮನ ಗುಡಿಗೆ ಆ ಒಂದೇ ಗಾಡಿಯಲ್ಲಿ ಆರು ಜನ. ಸಣ್ಣವಳು ಮುಂದೆ ನಿಂತು, ನಡುವೆ ಇಬ್ಬರು ಸ್ಯಾಂಡ್‌ವಿಚ್ಚು, ಅತ್ತಿ ಒಂದು ಕಡೆ ಕೂತು, ಹಿಂದೆ ಸ್ಟೆಪ್ನಿಯ ಮೇಲೆ ಅಕ್ಷರಶಃ ನಾನು. ಒಮ್ಮೆ ಪೊಲೀಸ್ ಹಿಡಿದ. ಮಾಮ ಇಳಿದು, ಕೈ ಕಟ್ಟಿಕೊಂಡು, 'ಸಾಹೇಬ್ರ, ಇವರ್ಯಾರೂ ನಮ್ಮವರಲ್ಲ. ದಾರ್ಯಾಗ ಲಿಫ್ಟ್ ಕೇಳಿದ್ರು, ಹೆಣ್ಣಮಕ್ಕಳು ಅಂತ ಇಲ್ಲ ಅನ್ನಲಿಲ್ಲ' ಅಂದ. ಅಷ್ಟರಲ್ಲಿ ಮುಂದೆ ನಿಂತವಳು 'ಅಪ್ಪಾ, ಉಚ್ಚಿ' ಅಂತ ಕೂಗಿದಳು. ಪೊಲೀಸಪ್ಪ ನಕ್ಕು ನಕ್ಕು ಬಿಟ್ಟು ಕಳಿಸಿದ.

ಗಂಡ ಹೆಂಡತಿ ಜಗಳದಲ್ಲೂ ಗಾಡಿಯೇ. 'ಒಂದು ಲೀಟರ್ ಪೆಟ್ರೋಲಿಗೆ 20 ಎಂಎಲ್ ಆಯಿಲ್ ಹಾಕ್ಬೇಕು. ಇಲ್ಲಾಂದ್ರ ಪಿಸ್ಟನ್ ಹಿಡ್ಕೋತೈತಿ. ಸಂಸಾರಕ್ಕೂ ಅಷ್ಟ ನಗು ಬೇಕು' ಅಂತ ಮಾಮ ತತ್ವ ಹೇಳುತ್ತಿದ್ದ. ಅತ್ತಿ ಒಲೆ ಮುಂದಿನಿಂದಲೇ, 'ನೀವು ಆಯಿಲ್ ಜಾಸ್ತಿ ಹಾಕ್ತೀರಿ, ಅದಕ್ಕ ನಮ್ಮನಿಯಾಗ ಬರೇ ಹೊಗಿ' ಅನ್ನುತ್ತಿದ್ದಳು. ಇಂಥ ಉತ್ತರ ಕೊಟ್ಟವಳನ್ನು ನಿನ್ನೆ ವೇದಿಕೆಯ ಮೇಲೆ 'ಪತಿಯ ನೆರಳಿನಂತೆ ಬಾಳಿದ ಸಾಧ್ವಿ' ಅಂದರು. ಅತ್ತಿ ನನ್ನ ಕಡೆ ನೋಡಿ ಹುಬ್ಬು ಹಾರಿಸಿದಳು.

ಮೂರೂ ಮಕ್ಕಳನ್ನು ಓದಿಸಿದ, ಮದುವೆ ಮಾಡಿದ, ಸಾಲ ತೀರಿಸಿದ. ಇದನ್ನು ಭಾಷಣದವರೇ ಬೇಕಾದಷ್ಟು ಹೇಳಿದ್ದಾರೆ, ನಾನು ಮತ್ತೆ ಹೇಳಲ್ಲ. ಅವರು ಹೇಳದೆ ಬಿಟ್ಟದ್ದು, ಆ ಸಾಲ ತೀರಿಸುವಾಗಲೂ ಅವನು ಹೇಗಿದ್ದ ಅನ್ನೋದು. 2020 ನೆನಪಿದೆಯಲ್ಲ. ಒಂದೇ ಸಲಕ್ಕೆ ಮೂರು ಏಟು. ಸುಪ್ರೀಂ ಕೋರ್ಟ್ ಆದೇಶದ ಮೇಲೆ ಗಡ್ಡೆಯ ರೆಸಾರ್ಟುಗಳನ್ನು ಒಡೆದರು, ಮೊಪೆಡ್ಡುಗಳ ಕೆಲಸ ಹೋಯಿತು. ಅದರ ಹಿಂದೆಯೇ ಲಾಕ್‌ಡೌನ್. ಏಪ್ರಿಲ್ 1ರಿಂದ ಬಿಎಸ್ 6 ಅನ್ನೋ ಹೊಗೆ ನಿಯಮ ಬಂತು. ಹೆಚ್ಚಿನ ಹೊಸ ಗಾಡಿಗಳಲ್ಲಿ ಕಾರ್ಬೊರೇಟರೇ ಇಲ್ಲ, ಇಂಜೆಕ್ಷನ್ನು, ಸೆನ್ಸರು. ಕೆಟ್ಟರೆ ಸ್ಕ್ಯಾನರ್ ಹಚ್ಚಿ ನೋಡಬೇಕು. ನಲವತ್ತು ವರ್ಷ ಊದಿದ ಬಾಯಿಗೆ ಊದೋಕೆ ಜೆಟ್ಟೇ ಇಲ್ಲ. ಫೋನಿನಲ್ಲಿ ನಾನು ಅಳುವ ಹಾಗಾದೆ. ಮಾಮ ಹೇಳಿದ್ದು: 'ಮೊದಲ ಗಾಡಿಗೆ ಕೆಮ್ಮು ಬರ್ತಿತ್ತು, ಬೆನ್ನ ಮ್ಯಾಲೆ ಗುದ್ದಿದ್ರ ಹೋಗ್ತಿತ್ತು. ಈಗ ಎಲ್ಲಾದಕ್ಕೂ ಇಸಿಜಿ ಅಂತವಾ. ಇರ್ಲಿ, ಹಳೇ ಪೇಷಂಟ್ ಇನ್ನೂ ಅದಾವ.'

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಗೇಟಿನ ಚೈನ್ ತುಂಡಾಗಿ ಗೇಟೇ ಕೊಚ್ಚಿಕೊಂಡು ಹೋಯಿತಲ್ಲ, ಆಗ ಮಾತ್ರ ಅವನ ದನಿ ಸಣ್ಣದಾಗಿದ್ದು ಕೇಳಿದ್ದೇನೆ. 33 ಗೇಟಿನಲ್ಲಿ ಒಂದು. ಅದರ ಮೇಲಿನ ಒತ್ತಡ ಇಳಿಸೋಕೆ ಉಳಿದ ಗೇಟುಗಳನ್ನೂ ತೆಗೆದು ತುಂಬಿದ ಡ್ಯಾಮಿನ ನೀರನ್ನು ಹೊಳೆಗೆ ಬಿಟ್ಟರು. ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಕಾಲುವೆಗೆ ನೀರಿಲ್ಲ ಅಂದರೆ ಭತ್ತ ಇಲ್ಲ. ಭತ್ತ ಇಲ್ಲ ಅಂದರೆ ಮಿಲ್ ಇಲ್ಲ. ಸುಗ್ಗಿಗೆ ಕೊಡ್ತೀನಿ ಅಂತ ಗಾಡಿ ಒಯ್ದ ರೈತರು ಮಾಮನ ಉದ್ರಿ ಪುಸ್ತಕದ ತುಂಬಾ ಇದ್ದರು. 'ಹೊಳ್ಯಾಗ ಹೋಗಾಕತ್ತಿದ್ದು ನೀರಲ್ಲವಾ, ನನ್ನ ಉದ್ರಿ' ಅಂದ. ಅದೂ ಜೋಕೇ. ಆದರೆ ಹೇಳಿ ನಗಲಿಲ್ಲ. ವಾರದೊಳಗೆ ಡ್ಯಾಮ್ ಗೇಟಿನ ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ, ಹರಿಯುವ ನೀರಿನಲ್ಲೇ ತಾತ್ಕಾಲಿಕ ಗೇಟಿನಂಥ ಸ್ಟಾಪ್‌ಲಾಗ್ ಇಳಿಸಿದರು. ಅವತ್ತು ಬೆಂಚಿನವರಿಗೆಲ್ಲ ಒಗ್ಗರಣಿ, ಮಿರ್ಚಿ. ಅತ್ತಿಗೆ ಫೋನ್ ಮಾಡಿ, 'ಎಂಬತ್ತರ ಹತ್ತಿರ ಇರೋ ಹಿರಿಯಾರು ಡ್ಯಾಮ್ ರಿಪೇರಿ ಮಾಡ್ಯಾರ. ನನಗ ಅರವತ್ತೆಂಟಕ್ಕ ಮನ್ಯಾಗ ಕುಂದ್ರು ಅಂತೀಯಲ್ಲ' ಅಂದನಂತೆ.

ಮನೆಯಲ್ಲಿ ಕೂರಲಿಲ್ಲ. ಶೆಡ್ಡಿನಲ್ಲೇ ಎದೆ ಹಿಡಿದುಕೊಂಡು ಬೆಂಚಿಗೆ ಒರಗಿದ. ಹುಡುಗ ನೀರು ತರುವಷ್ಟರಲ್ಲಿ ಮುಗಿದಿತ್ತು. ಈ ವಿಷಯ ಇಷ್ಟು ಸಾಕು.

ಈಗ ಫೋಟೊದ ವಿಷಯಕ್ಕೆ ವಾಪಸ್ ಬರಲೇಬೇಕು. ಬರದೆ ಇದ್ದರೆ ಚೆನ್ನಾಗಿತ್ತು.

ಊಟ ಮುಗಿದ ಮೇಲೂ ನನ್ನ ಗೊಣಗಾಟ ನಿಲ್ಲಲಿಲ್ಲ. ಮಾಮ ನಗುವ ಫೋಟೊ ಮನೆ ತುಂಬಾ ಇರುವಾಗ ಈ ಮಾರಿ ಮುಖದ ಫೋಟೊ ಎಲ್ಲಿ ಸಿಕ್ಕಿತು ನಿಮಗೆ ಅಂತ ಕೂಗಾಡಿದೆ. ಸಣ್ಣವಳು ಸುಮ್ಮನೆ ಫೋನ್ ತೆಗೆದು ತೋರಿಸಿದಳು. 'ಅಕ್ಕಾ, ಇದು ನಿನ್ನ ಮದುವಿ ಫೋಟೊ. ಫ್ಲೆಕ್ಸ್ ಹುಡುಗ ಬಾಯಿ ಮುಚ್ಚಿದ್ದೇ ಬೇಕಂದ. ಎಲ್ಲಾ ಹುಡುಕಿದ್ವಿ, ಇದೊಂದ ಸಿಕ್ತು.'

ಹೊಸಪೇಟೆಯ ಕಲ್ಯಾಣ ಮಂಟಪ. ನನ್ನ ಗಂಡನ ಕಡೆಯವರೆಲ್ಲ ಆಫೀಸರುಗಳು, ಲೆಕ್ಚರರುಗಳು. ಗ್ರೂಪ್ ಫೋಟೊಕ್ಕೆ ಮಾಮ ಬಂದು ನನ್ನ ಪಕ್ಕ ನಿಂತ. ಹೊಸ ಬಿಳಿ ಅಂಗಿ. ಆ ಅಂಗಿಯ ತೋಳಿನ ತುದಿಯಲ್ಲಿ ಆ ಕೈ. ಉಗುರಿನ ಸಂದಿಯಲ್ಲಿ ಎಷ್ಟೋ ವರ್ಷದ ಗ್ರೀಸು. ನಾನು ಬಗ್ಗಿ ಅವನ ಕಿವಿಯಲ್ಲಿ ಹೇಳಿದೆ. 'ಮಾಮ, ಕೈ ಹಿಂದಕ್ಕ ಇಟ್ಕೋ. ಹಲ್ಲು ಕಾಣಸ್ಬ್ಯಾಡ.'

ಅವನು ಒಮ್ಮೆ ನನ್ನ ಮುಖ ನೋಡಿದ. 'ಆತವಾ' ಅಂದ. ಅದಕ್ಕೆ ಜೋಕ್ ಮಾಡಲಿಲ್ಲ.

ಆಮೇಲೆ ಎಷ್ಟೋ ವರ್ಷಕ್ಕೆ ಅತ್ತಿ ಬೇರೆ ಏನೋ ಮಾತಿನಲ್ಲಿ ಹೇಳಿದಳು. ಹಿಂದಿನ ರಾತ್ರಿ ಅವನು ಸೀಮೆಎಣ್ಣೆಯಲ್ಲಿ ಕೈ ತೊಳೆದು, ಸೋಪಿನ ಪುಡಿ ಹಾಕಿ ತಿಕ್ಕಿ, ನಿಂಬೆಹಣ್ಣು ಹಚ್ಚಿ, ಕೈ ಉರಿ ಅಂತ ನಿದ್ದೆ ಮಾಡಿರಲಿಲ್ಲವಂತೆ. ನಡು ದಾರಿಯಲ್ಲಿ ಕೈ ಹಿಡಿಯಬೇಕಾದ ಸ್ಟೆಪ್ನಿ ಅವತ್ತು ಪಂಚರ್ ಆಗಿತ್ತು ನೋಡಿ.

ಅಳಿಯಂದಿರು ಬರೀ ಕೋಟು ಹಾಕಿಸಿದ್ದಾರೆ. ಬಾಯಿ ನಾನು ಮುಚ್ಚಿಸಿದ್ದು. ಇಷ್ಟು ಹೊತ್ತು ಅವರಿಗೆ ಬೈದಿದ್ದನ್ನು ಅಳಿಸಬೇಕು ಅಂದುಕೊಂಡೆ. ಅಳಿಸಲ್ಲ. ಕೋಟು ತಪ್ಪೇ. ನಂದು ಇನ್ನೂ ದೊಡ್ಡ ತಪ್ಪು, ಅಷ್ಟೇ.

ಇವತ್ತು ಬೆಳಿಗ್ಗೆ ಕೊಪ್ಪಳಕ್ಕೆ ವಾಪಸ್ ಹೊರಡುವ ಮುಂಚೆ ಶೆಡ್ಡಿನ ಕಡೆ ಹೋದೆ. ಈಗ ಹುಡುಗನೇ ನಡೆಸುತ್ತಾನೆ. ಹುಡುಗ ಅಂದರೆ ಅವನಿಗೂ ಎರಡು ಮಕ್ಕಳು. ರಾತ್ರಿ ಗಾಳಿಗೆ ಫ್ಲೆಕ್ಸ್ ಹರಿದು ಬಿದ್ದಿತ್ತಂತೆ, ತಂದಿದ್ದಾನೆ. ಒಂದು ಹಳೆ ಚೇತಕ್ಕಿನ ಇಂಜಿನ್ ಬಿಚ್ಚಿ ಹಾಕಿದ್ದ. ಕೆಳಗೆ ಫ್ಲೆಕ್ಸ್ ಹಾಸಿದ್ದ. ನನ್ನನ್ನು ನೋಡಿ ಗಾಬರಿಯಾಗಿ ಎದ್ದು ನಿಂತ. 'ಅಕ್ಕಾರ, ತಪ್ಪು ತಿಳ್ಕೋಬ್ಯಾಡ್ರಿ, ಮೇಸ್ತ್ರಿ ಮಾರಿ ಮ್ಯಾಲೆ ಹಾಕಿಲ್ಲ.' ನೋಡಿದೆ. ಮುಖ ಇರುವ ಭಾಗವನ್ನು ನೀಟಾಗಿ ಕತ್ತರಿಸಿ ಗೋಡೆಗೆ ಮೊಳೆ ಹೊಡೆದಿದ್ದಾನೆ, ಪಾನಾಗಳ ಪಕ್ಕದಲ್ಲಿ. ನೆಲದ ಮೇಲೆ ಇದ್ದದ್ದು ಕೋಟು ಮಾತ್ರ. ಟೈ ಮೇಲೆ ಗೇರ್ ಆಯಿಲ್ ತೊಟ್ಟಿಕ್ಕುತ್ತಿತ್ತು.

ಒಂದು ಸೀಟಿ ಹೊಡೆಯೋಕೆ ನೋಡಿದೆ. ನನಗೆ ಬರಲ್ಲ. ಬರೀ ಗಾಳಿ ಬಂತು. ಹುಡುಗನಿಗೆ ಅರ್ಥವಾಯಿತು, ಚಹಾ ಹೇಳಿದ.

ಹಿರಿ ಅಳಿಯಂದಿರು ನನ್ನ ಫ್ರೆಂಡ್ಸ್ ಲಿಸ್ಟಿನಲ್ಲೇ ಇದ್ದಾರೆ. ಓದಿದರೆ ಓದಲಿ. ಅತ್ತಿಗೆ ಮಾತ್ರ ಟೈ ವಿಷಯ ಯಾರೂ ಹೇಳಬೇಡಿ, ನಾನೇ ಹೋಗಿ ಹೇಳಬೇಕು. ಅವಳು ನಗುವಾಗ ನಾನು ಎದುರಿಗಿರಬೇಕು.